ಡಿಎನ್‌ಸಿಓ: ಅಪ್ಪನ ಲಾಗ್‌ಬುಕ್ ಇಟ್ಟುಕೊಂಡು ಬರೆಯಲು ಕೂತಾಗ

ಅಪ್ಪ ತೀರಿಕೊಂಡ ಮೂರನೇ ದಿನ ಅವರ ಹಳೆಯ ಗೆಳೆಯರು ಒಂದು ಪುಟ ಬರೆದು ಕಳಿಸಲು ಕೇಳಿದರು. ಎಲ್ಲರಿಗೂ ಹಂಚಲು ಬೇಕಿತ್ತು. ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆ. ಹುಟ್ಟಿದ ವರ್ಷ, ವಾಯುಪಡೆಗೆ ಸೇರಿದ ವರ್ಷ, ಹಾರಿಸಿದ ವಿಮಾನಗಳು, ನಿವೃತ್ತಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೊಮ್ಮಕ್ಕಳು. ಕೊನೆಗೆ "ಶಿಸ್ತಿನ ಯೋಧ, ಪ್ರೀತಿಯ ತಂದೆ" ಅಂತ ಬೇರೆ ಸೇರಿಸಿದ್ದೆ. ಹೆಸರೊಂದನ್ನು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹಾಕಬಹುದಾದ ಪುಟ ಅದು.

ಸಂಜೆಗೆ ಫೋನ್ ಬಂತು. ಅಪ್ಪನ ಜೊತೆ ವರ್ಷಗಟ್ಟಲೆ ಹಾರಿದ ನ್ಯಾವಿಗೇಟರ್ ಅಂಕಲ್. ಮೊದಲು ಅಮ್ಮನ ಬಗ್ಗೆ ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಮಗಳೇ, 71ರ ಯುದ್ಧದಲ್ಲಿ ನಿಮ್ಮಪ್ಪ ಎಎನ್-32 ಹಾರಿಸಿದ್ರು ಅಂತ ಬರ್ದಿದ್ದೀಯ. ಆಗ ಆ ವಿಮಾನ ಇನ್ನೂ ಹುಟ್ಟೇ ಇರ್ಲಿಲ್ಲ" ಅಂದರು.

ನಿಜ. ಎಎನ್-32 ಅನ್ನುವ ಸಾಗಣೆ ವಿಮಾನ ನಮ್ಮ ವಾಯುಪಡೆಗೆ ಬಂದಿದ್ದೇ 1984ರಲ್ಲಿ. ನನಗೆ ನೆನಪಿರುವ ಅಪ್ಪನ ವಿಮಾನ ಅದು, ಹಾಗಾಗಿ ಅವರ ಇಡೀ ಜೀವನಕ್ಕೆ ಅದನ್ನೇ ಹಚ್ಚಿಬಿಟ್ಟಿದ್ದೆ. ನಾಚಿಕೆಯಾಯಿತು. ಐವತ್ತು ವರ್ಷ ಜೊತೆಗಿದ್ದ ಮನುಷ್ಯನ ಬಗ್ಗೆ ಒಂದು ಪುಟ ತಪ್ಪಿಲ್ಲದೆ ಬರೆಯಲು ಆಗಲಿಲ್ಲ ಅಂದರೆ!

ಆಮೇಲಿನ ಒಂದೂವರೆ ವರ್ಷ ನಾನು ಮಾಡಿದ ಕೆಲಸ ಆ ಪುಟವನ್ನು ಮತ್ತೆ ಬರೆಯುವುದು. ಅದು 64 ಪುಟ ಆಯಿತು. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಹೇಳುತ್ತಿದ್ದೇನೆ. ಇಂಥ ಅಪ್ಪನೋ ಅಜ್ಜನೋ ಇರುವವರಿಗೆ ಉಪಯೋಗಕ್ಕೆ ಬರಬಹುದು. ಅವರು ಇನ್ನೂ ಇದ್ದಾರೆ ಅಂದರೆ ಇವತ್ತೇ ಹೋಗಿ ಕೂತು ಕೇಳಿ. ನನಗೆ ಆ ಭಾಗ್ಯ ಇರಲಿಲ್ಲ. ಇತ್ತು, ನಾನು ಬಳಸಿಕೊಳ್ಳಲಿಲ್ಲ.

ಅಟ್ಟದ ಮೇಲೆ ಅಪ್ಪನ ಕಪ್ಪು ಟ್ರಂಕ್ ಇತ್ತು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಸರ್ವಿಸ್ ನಂಬರ್. ಹೆಸರಿನ ಮುಂದಿನ ರ‍್ಯಾಂಕ್ ಮೂರು ಸಲ ಅಳಿಸಿ ಬರೆದದ್ದು. ಓರೆಯಾಗಿ ನೋಡಿದರೆ ಹಳೆಯ ಅಕ್ಷರ ಈಗಲೂ ಕಾಣುತ್ತದೆ. ಒಳಗೆ ಯೂನಿಫಾರ್ಮಿನ ಟೊಪ್ಪಿ, ಇನ್‌ಲ್ಯಾಂಡ್ ಪತ್ರಗಳ ಕಟ್ಟು, ಒಂದು ಡಬ್ಬಿ ಫೋಟೋ, ತಳದಲ್ಲಿ ನೀಲಿ ರಟ್ಟಿನ ಮೂರು ಲಾಗ್‌ಬುಕ್.

ಪೈಲಟ್‌ನ ಲಾಗ್‌ಬುಕ್ ಅಂದರೆ ಡೈರಿ ಅಂದುಕೊಂಡು ಬಿಚ್ಚಿದವಳಿಗೆ ನಿರಾಸೆಯಾಯಿತು. ಅದು ಲೆಕ್ಕದ ಪುಸ್ತಕ. ತಾರೀಕು, ವಿಮಾನದ ಮಾದರಿ, ವಿಮಾನದ ನಂಬರ್, ಪೈಲಟ್ ಯಾರು, ಎರಡನೇ ಪೈಲಟ್ ಯಾರು, ಡ್ಯೂಟಿ ಏನು. ಆಮೇಲೆ ಗಂಟೆ ಮತ್ತು ನಿಮಿಷದ ಸಾಲು ಸಾಲು ಕಾಲಂಗಳು: ಹಗಲು, ರಾತ್ರಿ, ಮೋಡದೊಳಗೆ ಬರೀ ಮೀಟರ್ ನೋಡಿಕೊಂಡು ಹಾರಿದ್ದು. ಅಪ್ಪ ರಾತ್ರಿ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ತಿಂಗಳ ಕೊನೆಗೆ ಒಟ್ಟು, ಕೆಳಗೆ ಫ್ಲೈಟ್ ಕಮಾಂಡರ್ ಸಹಿ. ಭಾವನೆ ಅನ್ನುವುದಕ್ಕೆ ಕಾಲಂ ಇಲ್ಲ.

ಆದರೆ ನಾನು ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ತಾಳೆ ನೋಡಿದವಳು. ಲೆಕ್ಕದ ಪುಸ್ತಕ ಮಾತಾಡುತ್ತದೆ ಅಂತ ಗೊತ್ತು. ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಬೇಕು, ಅಷ್ಟೆ.

ಮೊದಲು ಮಾಡಿದ್ದು ಪ್ರತಿ ಪುಟದ ಫೋಟೋ ತೆಗೆದದ್ದು. ಕಿಟಕಿ ಪಕ್ಕ, ಹಗಲು ಬೆಳಕಲ್ಲಿ, ಫ್ಲಾಶ್ ಇಲ್ಲದೆ. ಹೊಲಿಗೆ ಬಿಟ್ಟ ಕಡೆ ಟೇಪ್ ಹಚ್ಚಬೇಡಿ. ನಾನು ಎರಡು ಪುಟಕ್ಕೆ ಹಚ್ಚಿ ಹಾಳು ಮಾಡಿದೆ. ಆಮೇಲೆ ಎಲ್ಲ ಸಾಲುಗಳನ್ನೂ ಎಕ್ಸೆಲ್ ಶೀಟಿಗೆ ಏರಿಸಿದೆ. ದಿನಕ್ಕೆ ಎರಡು ಪುಟದ ಹಾಗೆ ನಾಲ್ಕು ತಿಂಗಳು ಹಿಡಿಯಿತು. ಗಂಟೆ-ನಿಮಿಷ ಕೂಡುವಾಗ ಹುಷಾರು: 1.40 ಮತ್ತು 1.30 ಕೂಡಿದರೆ 3.10, 2.70 ಅಲ್ಲ. ಶೀಟಿಗೆ ಅದು ಸಮಯ ಅಂತ ಮೊದಲೇ ಹೇಳಿಕೊಡಬೇಕು.

ಒಟ್ಟು ತಾಳೆಯಾಗಲಿಲ್ಲ. ಅಪ್ಪನ ಲೆಕ್ಕಕ್ಕಿಂತ ನನ್ನ ಲೆಕ್ಕ 1 ಗಂಟೆ 10 ನಿಮಿಷ ಕಡಿಮೆ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ 1976ರ ಒಂದು ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವಾಗ ಅಪ್ಪ ತಪ್ಪಿದ್ದು ಸಿಕ್ಕಿತು. ಸಹಿ ಮಾಡಿದ ಅಧಿಕಾರಿಯೂ ನೋಡಿಲ್ಲ. ನಮ್ಮ ಗಣಿತದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕ ಮತ್ತೆ ಮಾಡಿಸುತ್ತಿದ್ದ ಮನುಷ್ಯ! ಅಮ್ಮನಿಗೆ ಹೇಳಿದೆ. "ಆ ಒಂದು ಗಂಟೆ ಹತ್ತು ನಿಮಿಷ ಅವರ ಹತ್ರವೇ ಇರ್ಲಿ ಬಿಡು" ಅಂದರು. ಬಿಟ್ಟೆ.

ಲಾಗ್‌ಬುಕ್ಕಿನ ಪಕ್ಕದಲ್ಲಿ ಇಟ್ಟ ಎರಡನೇ ಪುಸ್ತಕ ಮನೆಯದು. ಅಂದರೆ ಒಂದೇ ಪುಸ್ತಕ ಅಲ್ಲ: ನಮ್ಮ ಶಾಲೆಗಳ ಟಿಸಿಗಳು, ಇಂಜೆಕ್ಷನ್ ಕಾರ್ಡುಗಳು, ಅಮ್ಮನ ಖರ್ಚಿನ ವಹಿ, ಪತ್ರಗಳ ಮೇಲಿನ ಅಂಚೆ ಮುದ್ರೆ. ಎಲ್ಲದರ ತಾರೀಕುಗಳನ್ನೂ ಅದೇ ಶೀಟಿನಲ್ಲಿ ಬೇರೆ ಬಣ್ಣದಲ್ಲಿ ಹಾಕುತ್ತಾ ಹೋದೆ. ಅಲ್ಲಿಂದ ಕಥೆ ಶುರುವಾಯಿತು.

ಮೊದಲ ಸಾಲು 1964ರದ್ದು, ಎಚ್‌ಟಿ-2 ವಿಮಾನ. ವಿ.ಎಂ. ಘಾಟಗೆ ವಿನ್ಯಾಸ ಮಾಡಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು, 1951ರಲ್ಲಿ ಮೊದಲು ಹಾರಿದ್ದು. ನಮ್ಮ ದೇಶದವರೇ ಮಾಡಿದ ಆ ಪುಟ್ಟ ವಿಮಾನದಲ್ಲೇ ಎಷ್ಟೋ ಪೈಲಟ್‌ಗಳು ಕಲಿತರು. 1967ಕ್ಕೆ ಬಂದರೆ ಪ್ಯಾಕೆಟ್. ಫೇರ್‌ಚೈಲ್ಡ್ ಸಿ-119 ಅನ್ನುವುದು ಅದರ ಪೂರ್ತಿ ಹೆಸರು, ಆದರೆ ವಾಯುಪಡೆಯಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಹೊಟ್ಟೆ ಒಂದು ದೊಡ್ಡ ಡಬ್ಬ, ಹಿಂದೆ ಎರಡು ಬಾಲ. ಎರಡು ಪಿಸ್ಟನ್ ಎಂಜಿನ್ ಸಾಲದೆ, ಹಿಮಾಲಯಕ್ಕೆ ಹತ್ತಲಿ ಅಂತ ನೆತ್ತಿಯ ಮೇಲೆ ಒಂದು ಆರ್ಫಿಯಸ್ ಜೆಟ್ ಎಂಜಿನ್ ಕೂರಿಸಿದ್ದರು. ಪುಟ್ಟ ಯುದ್ಧವಿಮಾನ ನ್ಯಾಟ್‌ಗೆ ಹಾಕುತ್ತಿದ್ದ ಎಂಜಿನ್ ಅದು. ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇಲ್ಲ. ಆಕ್ಸಿಜನ್ ಮಾಸ್ಕ್ ಹಾಕಿಕೊಂಡು, ಚಳಿಯಲ್ಲಿ, ಆ ಗದ್ದಲದಲ್ಲಿ ಕೂರಬೇಕು. ಅಪ್ಪನಿಗೆ ಕೊನೆಯ ಹದಿನೈದು ವರ್ಷ ಎಡಗಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ನಾವು ಹಟ ಅಂದುಕೊಂಡಿದ್ದೆವು.

ಪ್ಯಾಕೆಟ್‌ನ ಮೊದಲ ಎರಡು ವರ್ಷದ ಸಾಲುಗಳಲ್ಲಿ ಪೈಲಟ್ ಕಾಲಂನಲ್ಲಿ ಬೇರೆಯವರ ಹೆಸರು, ಎರಡನೆಯದರಲ್ಲಿ "ಸೆಲ್ಫ್". 1969ರ ಜೂನ್ 4ರಂದು ಮೊದಲ ಸಲ "ಸೆಲ್ಫ್" ಎಡಗಡೆಯ ಕಾಲಂಗೆ ಬರುತ್ತದೆ. ಅವತ್ತಿನಿಂದ ವಿಮಾನ ಅವರ ಜವಾಬ್ದಾರಿ. ಶೀಟಿನಲ್ಲಿ ಅದರ ಕೆಳಗೇ ಬೇರೆ ಬಣ್ಣದ ಇನ್ನೊಂದು ಸಾಲು ಬಂತು: ಹನ್ನೊಂದು ದಿನಕ್ಕೆ ಅಕ್ಕ ಹುಟ್ಟಿದ್ದು. ಅಮ್ಮನಿಗೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ, "ಆ ತಿಂಗಳು ಅವರು ಅಷ್ಟು ಹಿಗ್ಗಿದ್ದು ಯಾವುದಕ್ಕೆ ಅಂತ ನನಗೀಗ ಅನುಮಾನ" ಅಂದರು.

ನನ್ನ ಬಾಲ್ಯದ ಒಂದು ಒಗಟೂ ಬಿಡಿಸಿಕೊಂಡಿತು. ನಮ್ಮ ಮನೆಯಲ್ಲಿ ಮಧ್ಯಾಹ್ನ ಸದ್ದು ಮಾಡುವ ಹಾಗಿರಲಿಲ್ಲ. ಅಪ್ಪ ಮಲಗಿದ್ದಾರೆ, ಪಿಸುಮಾತಿನಲ್ಲೇ ಜಗಳ ಆಡಬೇಕು. ಗೆಳತಿಯರ ಅಪ್ಪಂದಿರು ಆಫೀಸಿನಲ್ಲಿರುವ ಹೊತ್ತಿಗೆ ನಮ್ಮ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಸೋಮಾರಿ ಅಂತಲೇ ನನ್ನ ತೀರ್ಮಾನ. ಲಾಗ್‌ಬುಕ್ ನೋಡಿದರೆ ದಿನವೂ ಅದೇ: ಚಂಡೀಗಢ–ಲೇಹ್–ಚಂಡೀಗಢ, ಬೆಳಕು ಹರಿಯುವಾಗ ಹೊರಟು ಮಧ್ಯಾಹ್ನದೊಳಗೆ ವಾಪಸ್. ಕಾರಣ ಅಂಕಲ್ ಹೇಳಿದರು. ಬಿಸಿಲು ಏರಿದ ಹಾಗೆ ಕಣಿವೆಗಳಲ್ಲಿ ಗಾಳಿ ಎದ್ದು ವಿಮಾನವನ್ನು ಕುಲುಕುತ್ತದೆ. ಅದೂ ಅಲ್ಲದೆ ಲೇಹ್ ಸುಮಾರು 10,700 ಅಡಿ ಎತ್ತರದಲ್ಲಿದೆ. ಮೊದಲೇ ತೆಳುವಾದ ಗಾಳಿ ಬಿಸಿಯಾದರೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲ ಸಾಲದು, ಎಂಜಿನ್ನಿಗೂ ಉಸಿರು ಸಾಲದು. ಅದಕ್ಕೇ ನಸುಕಿನಲ್ಲೇ ಕೆಲಸ ಮುಗಿಸಬೇಕು. ಅಂದರೆ ಅಪ್ಪ ಏಳುತ್ತಿದ್ದದ್ದು ರಾತ್ರಿ ಎರಡೂವರೆಗೆ. ನಾವು ಶಾಲೆಗೆ ಹೊರಡುವ ಹೊತ್ತಿಗೆ ಅವರು ಒಂದು ಸಲ ಹಿಮಾಲಯ ದಾಟಿ ಆಗಿರುತ್ತಿತ್ತು.

ಡ್ಯೂಟಿ ಕಾಲಂನ ಚುಟುಕು ಅಕ್ಷರಗಳು ನನಗೆ ಅರ್ಥವಾಗಲಿಲ್ಲ. ಅಂಕಲ್‌ಗೆ ವಾರಕ್ಕೊಮ್ಮೆ ವೀಡಿಯೋ ಕಾಲ್ ಮಾಡಿ ಪಟ್ಟಿ ಓದುತ್ತಿದ್ದೆ. ಡಿಝಡ್ ಅಂದರೆ ಸಾಮಾನು ಬೀಳಿಸುವ ಜಾಗ. ಜಿಸಿಎ ಅಂದರೆ ನೆಲದಿಂದ ರಾಡಾರ್ ನೋಡಿ ಮಾತಿನಲ್ಲೇ ಇಳಿಸುವುದು. ಹೀಗೆ ಹೋಗುತ್ತಾ ಡಿಎನ್‌ಸಿಓಗೆ ಬಂದೆವು. "ಡ್ಯೂಟಿ ನಾಟ್ ಕ್ಯಾರೀಡ್ ಔಟ್". ಹೋದ ಕೆಲಸ ಆಗಲಿಲ್ಲ, ವಾಪಸ್ ಬಂದೆವು ಅಂತ. ನಾನು ಎಣಿಸಿದೆ. ಮೂರು ಪುಸ್ತಕದಲ್ಲಿ ಒಟ್ಟು 83 ಸಲ.

ನಿಜ ಹೇಳುತ್ತೇನೆ, ಇವನ್ನು ಪುಸ್ತಕದಲ್ಲಿ ಹಾಕಬಾರದು ಅಂತಲೇ ಇತ್ತು. ಆಗದೇ ಹೋದ ಕೆಲಸದ ಪಟ್ಟಿ ಯಾಕೆ ಅಲ್ವಾ? ಅಂಕಲ್‌ಗೆ ಹಾಗೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಜಿನ ಮೇಲೆ ಎರಡು ಕೈಯನ್ನೂ ಎದುರುಬದುರಾಗಿ ನಿಲ್ಲಿಸಿದರು, ಕಣಿವೆಯ ಗೋಡೆಗಳ ಹಾಗೆ. "ಕಣಿವೆ ಮುಂದೆ ಹೋಗ್ತಾ ಕಿರಿದಾಗುತ್ತೆ. ಪ್ಯಾಕೆಟ್ ತಿರುಗಿಸ್ಕೊಳ್ಳೋಕೆ ಇಷ್ಟು ಅಗಲ ಬೇಕು. ಒಂದು ಜಾಗ ದಾಟಿದ್ರೆ ತಿರುಗೋಕೂ ಆಗಲ್ಲ, ಎದುರಿನ ಬೆಟ್ಟ ಹತ್ತೋಕೂ ಆಗಲ್ಲ. ಆ ಜಾಗಕ್ಕೆ ಮುಂಚೆ ಮುಂದಿನ ಕಣಿವೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ವಾಪಸ್. ಮೇಲೆ ಕಾಯ್ತಿರೋ ಜವಾನರಿಗೆ ಸೀಮೆಎಣ್ಣೆ ಇಲ್ಲ ಅಂತ ಗೊತ್ತಿರುತ್ತೆ. ಆದ್ರೂ ವಾಪಸ್. ನಿಮ್ಮಪ್ಪ ಬೇಗ ತಿರುಗಿಸ್ತಾರೆ ಅಂತ ಕೆಲವರು ಆಡ್ಕೊಳ್ತಿದ್ರು. ನಾನು ಮಾತ್ರ ಅವರ ಜೊತೆಗೇ ಹಾಕಿ ಅಂತ ಕೇಳ್ಕೊಳ್ತಿದ್ದೆ."

ಒಂದು ಪೂರ್ತಿ ಅಧ್ಯಾಯ ಡಿಎನ್‌ಸಿಓ ಮೇಲೇ ಬರೆದೆ. 83 ತಾರೀಕೂ ಹಾಕಿದೆ.

ಯುದ್ಧದ ಭಾಗ ಮಾತ್ರ ನನಗೆ ಬೇಕಾದಷ್ಟು ಸಿಗಲಿಲ್ಲ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ನಮ್ಮ ಸೇನೆಯ 2 ಪ್ಯಾರಾ ಬಟಾಲಿಯನ್ನನ್ನು ಪ್ಯಾರಾಚೂಟ್‌ನಲ್ಲಿ ಆಕಾಶದಿಂದ ಇಳಿಸಿದ್ದು ಇತಿಹಾಸದಲ್ಲಿದೆ. ಎಎನ್-12, ಪ್ಯಾಕೆಟ್, ಕ್ಯಾರಿಬೂ, ಡಕೋಟಾ ಎಲ್ಲ ಹೋಗಿದ್ದವು. ಪೂಂಗ್ಲಿ ಸೇತುವೆ ಹಿಡಿದು, ಢಾಕಾ ಕಡೆಗೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಸೇನೆಯ ದಾರಿ ಕಡಿಯುವುದು ಉದ್ದೇಶ. ಅಪ್ಪನ ಪುಸ್ತಕದಲ್ಲಿ ಆ ದಿನಕ್ಕೆ ಇರುವುದು ಎರಡೇ ಪದ: "ಪ್ಯಾರಾ ಡ್ರಾಪ್". ಅದರ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅಕ್ಷರದ ದಪ್ಪದಲ್ಲೂ ವ್ಯತ್ಯಾಸ ಇಲ್ಲ. ನಾವು ಚಿಕ್ಕವರಿದ್ದಾಗ ಯುದ್ಧದ ಕಥೆ ಹೇಳಿ ಅಂತ ಪೀಡಿಸಿದರೆ, "ಹಿಂದಿನ ಬಾಗಿಲು ತೆಗೆದಿತ್ತು, ಭಾರಿ ಚಳಿ" ಅನ್ನುತ್ತಿದ್ದರು. ಅಷ್ಟನ್ನೇ ಬರೆದೆ. ಬೇರೆಯವರು ಹೇಳಿದ ಶೌರ್ಯವನ್ನು ತಂದು ಅಪ್ಪನ ತಲೆಗೆ ಕಟ್ಟಲಿಲ್ಲ.

ಫೋಟೋಗಳಿಗೆ ಒಂದು ಒಳ್ಳೆಯ ಉಪಾಯ ಸಿಕ್ಕಿತು. ತಾರೀಕು ಇಲ್ಲದ ಫೋಟೋ ಆದರೆ ಮೊದಲು ಹಿಂದಿರುವ ವಿಮಾನದ ನಂಬರ್ ನೋಡಿ. ಆ ನಂಬರನ್ನು ಲಾಗ್‌ಬುಕ್ ಶೀಟಿನಲ್ಲಿ ಹುಡುಕಿದರೆ ಅಪ್ಪ ಆ ವಿಮಾನ ಹತ್ತಿದ ದಿನಗಳು ಬರುತ್ತವೆ. ಆಮೇಲೆ ಭುಜದ ಪಟ್ಟಿ. ಎರಡು ಪಟ್ಟಿ ಇದ್ದರೆ ಫ್ಲೈಟ್ ಲೆಫ್ಟಿನೆಂಟ್. ನಡುವೆ ಸಣ್ಣದೊಂದು ಸೇರಿದರೆ ಸ್ಕ್ವಾಡ್ರನ್ ಲೀಡರ್. ಮೂರು ದಪ್ಪ ಪಟ್ಟಿ ವಿಂಗ್ ಕಮಾಂಡರ್. ಬಡ್ತಿಯ ತಾರೀಕು ಭಾರತದ ಗೆಜೆಟ್‌ನಲ್ಲಿ ಸಿಗುತ್ತದೆ. ರಕ್ಷಣಾ ಸಚಿವಾಲಯದ ನೇಮಕ, ಬಡ್ತಿ ಅಧಿಸೂಚನೆಗಳು ಭಾಗ 1, ವಿಭಾಗ 4ರಲ್ಲಿರುತ್ತವೆ. ಎರಡನ್ನೂ ಸೇರಿಸಿದರೆ ಫೋಟೋ ಎಷ್ಟೋ ಸಲ ಒಂದು ತಿಂಗಳೊಳಗೆ ಬಂದು ನಿಲ್ಲುತ್ತದೆ. ಒಂದು ಫೋಟೋ ಮಾತ್ರ ಏನು ಮಾಡಿದರೂ ಕೂರಲಿಲ್ಲ. ನಂಬರ್ ಮಸುಕು, ಆದರೆ ಏನೋ ವಿಚಿತ್ರ. ಮೊಮ್ಮಗ ಕಂಡುಹಿಡಿದ: "ಅಜ್ಜನ ರೆಕ್ಕೆ ಬಲಗಡೆ ಇದೆ ನೋಡಿ." ಪೈಲಟ್ ವಿಂಗ್ಸ್, ಅಂದರೆ ರೆಕ್ಕೆ ಆಕಾರದ ಬ್ಯಾಡ್ಜ್, ಇರುವುದು ಎಡ ಎದೆಯ ಮೇಲೆ. ಸ್ಟುಡಿಯೋದವರು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರು. ನಮ್ಮ ಹಜಾರದ ಗೋಡೆಯ ಮೇಲೆ ಮೂವತ್ತು ವರ್ಷ ಇದ್ದ ಫೋಟೋ ಅದು. ದಿನಾ ನೋಡುತ್ತಿದ್ದ ಅಪ್ಪನೂ ಹೇಳಿರಲಿಲ್ಲ.

ಇನ್ನು ಅಕ್ಕನ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಆಗಲೂ ಅಳುಕಿತ್ತು, ಈಗಲೂ ಇದೆ. ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

1974ರಲ್ಲಿ ಅಕ್ಕನಿಗೆ ಐದು ವರ್ಷ. ಟೈಫಾಯ್ಡ್ ಆಗಿ ಎರಡು ವಾರ ಆಸ್ಪತ್ರೆಯಲ್ಲಿದ್ದಳು. ಅಪ್ಪ ಬರಲಿಲ್ಲ ಅನ್ನುವುದು ಅವಳ ನೆನಪು. ಬಂದಿದ್ದರು, ನಿನಗೆ ಜ್ವರದಲ್ಲಿ ಗೊತ್ತಾಗಲಿಲ್ಲ ಅನ್ನುವುದು ಅಮ್ಮನ ಮಾತು. ಈ ವಾದ ನಮ್ಮ ಮನೆಯಲ್ಲಿ ಐವತ್ತು ವರ್ಷ ಹಳೆಯದು. ಅಪ್ಪ ಯಾವತ್ತೂ ಬಾಯಿ ಹಾಕಿದವರಲ್ಲ. ಅದು ಶುರುವಾದರೆ ಎದ್ದು ಸ್ಕೂಟರ್ ಒರೆಸಲು ಹೋಗುತ್ತಿದ್ದರು. ಆಸ್ಪತ್ರೆಯ ಚೀಟಿ ಅಮ್ಮನ ಕಡತದಲ್ಲಿತ್ತು. ಸೇರಿಸಿದ ದಿನ, ಬಿಟ್ಟ ದಿನ ಎರಡೂ ಇತ್ತು. ಶೀಟಿನಲ್ಲಿ ಹಾಕಿದೆ.

ಆ ಹದಿನಾಲ್ಕು ದಿನದಲ್ಲಿ ಅಪ್ಪ ಹನ್ನೊಂದು ದಿನ ಹಾರಿದ್ದರು. ಆಗ ಅವರು ಅಸ್ಸಾಂನ ಜೋರ್ಹಾಟ್‌ನಲ್ಲಿದ್ದರು, ನಾವು ದೇಶದ ಇನ್ನೊಂದು ತುದಿಯಲ್ಲಿ. ಅರುಣಾಚಲದ ಬೆಟ್ಟಗಳಲ್ಲಿರುವ ಠಾಣೆಗಳಿಗೆ ಆಗ ರಸ್ತೆ ಇಲ್ಲ, ಅಕ್ಕಿ-ಬೇಳೆಯಿಂದ ಹಿಡಿದು ತಗಡಿನ ಶೀಟಿನವರೆಗೆ ಎಲ್ಲ ಮೇಲಿನಿಂದಲೇ ಬೀಳಬೇಕು. ಮಳೆ ಹಿಡಿಯುವ ಮುಂಚೆ ಮುಗಿಸಬೇಕಾದ ಕೆಲಸ. ಸಾಲು ಸಾಲಾಗಿ ಡಿಝಡ್, ಡಿಝಡ್, ಡಿಝಡ್. ಉಳಿದ ಮೂರು ದಿನದಲ್ಲಿ ಅಲ್ಲಿಂದ ಬಂದು ಹೋಗಲು ಸಾಧ್ಯವೇ ಇಲ್ಲ.

ಒಂದು ವಾರ ಯಾರಿಗೂ ಹೇಳಲಿಲ್ಲ. ಪುಸ್ತಕದಲ್ಲಿ ಆ ವರ್ಷ ಹಾರಿಸಿಬಿಡಬಹುದಿತ್ತು, ಯಾರು ಕೇಳುತ್ತಾರೆ? ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಪುಟ ತೋರಿಸಿದೆ. ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅಮ್ಮ ಪುಸ್ತಕದ ಕಡೆ ನೋಡಲೇ ಇಲ್ಲ. "ಇದ್ರು ಅಂತ ಹೇಳಿದ್ರೆ ನಿನಗೆ ಸಮಾಧಾನ ಅಂತ ಹೇಳಿದ್ದೆ. ಆಮೇಲೆ ಹೇಳಿ ಹೇಳಿ ನನಗೂ ಹಾಗೇ ಅನ್ನಿಸಿಬಿಡ್ತು" ಅಂದರು. ಅಕ್ಕ ಅಳುತ್ತಾಳೆ ಅಂದುಕೊಂಡೆ. ಅವಳು, "ಅಂದ್ರೆ ನಂಗೆ ಸರಿಯಾಗೇ ನೆನಪಿತ್ತು" ಅಂದಳು. ಸ್ವಲ್ಪ ಗೆದ್ದವಳ ದನಿ.

ಆ ದಿನಗಳ ಒಂದು ಇನ್‌ಲ್ಯಾಂಡ್ ಪತ್ರ ಕಟ್ಟಿನಲ್ಲಿ ಸಿಕ್ಕಿತು. ಅಪ್ಪನದು. ಟೆಲಿಗ್ರಾಂ ಬಂದದ್ದು, ರಜೆ ಕೇಳಿದ್ದು, ಇನ್ನೊಬ್ಬ ಕ್ಯಾಪ್ಟನ್ ಕಾಮಾಲೆ ಆಗಿ ಮಲಗಿರುವುದರಿಂದ ಕೇಳಿದ್ದನ್ನು ತಾನೇ ವಾಪಸ್ ತೆಗೆದುಕೊಂಡದ್ದು. ಅರ್ಧ ಪತ್ರ ಔಷಧಿ ಯಾವ ಹೊತ್ತಿಗೆ ಕೊಡಬೇಕು ಅನ್ನುವ ಟೇಬಲ್, ಗೆರೆ ಎಳೆದು, ಲಾಗ್‌ಬುಕ್ ಹಾಗೇ ಕಾಲಂ ಹಾಕಿ. ಪಕ್ಕದಲ್ಲಿ ಅಮ್ಮನ ಗೀಟು, ಕೊಟ್ಟಾಗಲೆಲ್ಲ ಒಂದು. ಈ ಪತ್ರವನ್ನು ಪುಸ್ತಕದಲ್ಲಿ ಹಾಗೆಯೇ ಹಾಕಿದ್ದೇನೆ, ಪಕ್ಕದ ಪುಟದಲ್ಲಿ ಆ ಹನ್ನೊಂದು ಸಾಲು. ಅಪ್ಪ ಮಾಡಿದ್ದು ಸರಿ ಅಂತಲೋ ತಪ್ಪು ಅಂತಲೋ ನಾನು ಒಂದು ವಾಕ್ಯವನ್ನೂ ಸೇರಿಸಲಿಲ್ಲ. ಅಕ್ಕನಿಗೆ ಇಂದಿಗೂ ಸರಿ ಅನ್ನಿಸಿಲ್ಲ. ಅವಳ ಹಕ್ಕು ಅದು.

ನಿವೃತ್ತಿಯ ನಂತರದ ಮೂವತ್ತು ವರ್ಷಕ್ಕೆ ಲಾಗ್‌ಬುಕ್ ಇಲ್ಲ. ಇಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ ಅನ್ನಿಸುತ್ತದೆ. ಸೇವೆಯ ದಿನಗಳನ್ನು ಉದ್ದಕ್ಕೆ ಬರೆದು, "ನಿವೃತ್ತ ಜೀವನವನ್ನು ಕುಟುಂಬದೊಂದಿಗೆ ಕಳೆದರು" ಅಂತ ಒಂದು ಸಾಲಿನಲ್ಲಿ ಮುಗಿಸುವುದು. ಜೀವನದ ಹೆಚ್ಚು ಪಾಲು ಇಲ್ಲೇ ಇದೆಯಲ್ಲ. ನನ್ನನ್ನು ಉಳಿಸಿದ್ದು ಗೋಡೆಯ ಕ್ಯಾಲೆಂಡರ್‌ಗಳು. ಅಪ್ಪ ಒಂದನ್ನೂ ಎಸೆದಿರಲಿಲ್ಲ. ಪ್ರತಿ ದಿನದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ 3/8, 6/8, 1/8 ಅಂತ ಬರೆದಿರುತ್ತಿದ್ದರು. ಅದೇನೋ ಅವರ ಲೆಕ್ಕ ಅಂತ ನಾವು ಕೇಳಿರಲೇ ಇಲ್ಲ. ಅಂಕಲ್‌ಗೆ ತೋರಿಸಿದ ತಕ್ಷಣ ನಕ್ಕುಬಿಟ್ಟರು. ಆಕಾಶದ ಎಂಟು ಭಾಗದಲ್ಲಿ ಎಷ್ಟು ಭಾಗಕ್ಕೆ ಮೋಡ ಇದೆ ಅನ್ನುವ ಲೆಕ್ಕ ಅದು, ಹವಾಮಾನ ವರದಿಯಲ್ಲಿ ಹಾಗೇ ಹೇಳುತ್ತಾರೆ. ಹಾರುವುದು ಬಿಟ್ಟು ಮೂವತ್ತು ವರ್ಷ, ಬೆಳಿಗ್ಗೆ ಎದ್ದು ಹೊರಗೆ ಬಂದು ತಲೆ ಎತ್ತಿ ಆಕಾಶ ಅಳೆದಿದ್ದಾರೆ. ಅದರ ಪಕ್ಕದಲ್ಲೇ ಬೇರೆ ಟಿಪ್ಪಣಿಗಳು: "ಗ್ಯಾಸ್ ಬಂತು", "ಅಕ್ಕನ ಮಗನಿಗೆ ಭಿನ್ನರಾಶಿ", "ಇವಳ ಬಿಪಿ 150/90", "ನಲ್ಲಿ ವಾಷರ್". ಮೊಮ್ಮಗನಿಗೆ ಲೆಕ್ಕ ಹೇಳಿಕೊಟ್ಟ ದಿನಗಳನ್ನು ಎಣಿಸಿದೆ. ಮೂರು ವರ್ಷದಲ್ಲಿ 212. ಪ್ರೀತಿಯ ಅಜ್ಜ ಅಂತ ಬರೆಯುವ ಬದಲು ಆ ಅಂಕಿ ಹಾಕಿದೆ.

ಕೊನೆಯದಾಗಿ, ನಾನು ಬರೆದು ಮುಗಿಸಿದೆ ಅಂದುಕೊಂಡ ಮೇಲೆ ಸಿಕ್ಕ ಪುಟ. 1968ರ ಫೆಬ್ರುವರಿ. ಶೀಟಿಗೆ ಏರಿಸುವಾಗ ನೋಡಿದ್ದೆ, ಆದರೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ. 6ರಂದು ಲೇಹ್. 7ಕ್ಕೆ ಏನೂ ಇಲ್ಲ. 9ರಿಂದ ನಾಲ್ಕು ಸಾಲು, ಡ್ಯೂಟಿ ಕಾಲಂನಲ್ಲಿ "ಸರ್ಚ್", ಪಕ್ಕದಲ್ಲಿ "ನಿಲ್". ಅಂಚಿನಲ್ಲಿ, ಇಡೀ ಮೂರು ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದೇ ಒಂದು ಗುರುತು: 2003.

1968ರ ಫೆಬ್ರುವರಿ 7ರಂದು ವಾಯುಪಡೆಯ ಎಎನ್-12 ವಿಮಾನ ಬಿಎಲ್-534 ಚಂಡೀಗಢದಿಂದ ಲೇಹ್‌ಗೆ ಹೊರಟಿತ್ತು. ಒಳಗೆ 102 ಜನ. ಹವಾಮಾನ ಕೆಟ್ಟದ್ದರಿಂದ ವಾಪಸ್ ತಿರುಗಿತು. ಹಿಮಾಚಲದ ರೋಹ್ತಾಂಗ್ ಹತ್ತಿರ ಎಲ್ಲೋ ಕಾಣೆಯಾಯಿತು. 2003ರವರೆಗೆ ಅದರ ಸುಳಿವೇ ಸಿಗಲಿಲ್ಲ. ಆ ವರ್ಷ ಪರ್ವತಾರೋಹಿಗಳಿಗೆ ಲಾಹೌಲ್‌ನ ಹಿಮನದಿಯಲ್ಲಿ ಅವಶೇಷ ಕಂಡಿತು. ಅಮ್ಮನಿಗೆ ಆ ದಿನ ನೆನಪಿದೆ. ಪೇಪರ್ ಓದಿ ಅಪ್ಪ ಅಟ್ಟ ಹತ್ತಿದರಂತೆ. ಏನು ಹುಡುಕ್ತಿದ್ದೀರಿ ಅಂದರೆ ಪೆನ್ಷನ್ ಕಾಗದ ಅಂದರಂತೆ. ಇಳಿದು ಬರಲು ತುಂಬಾ ಹೊತ್ತಾಯಿತಂತೆ.

ಡಿಎನ್‌ಸಿಓ ಅಧ್ಯಾಯಕ್ಕೆ ವಾಪಸ್ ಹೋದೆ. ತಿರುಗಿದವರು ಉಳಿದರು ಅನ್ನುವ ಧಾಟಿಯಲ್ಲಿ ಕೆಲವು ಸಾಲು ಬರೆದಿದ್ದೆ. ಬಿಎಲ್-534 ಕೂಡ ತಿರುಗಿತ್ತು. ಆ ಸಾಲುಗಳನ್ನು ತೆಗೆದುಹಾಕಿದೆ.

ಪುಸ್ತಕ ಪ್ರಿಂಟ್ ಆಗಿ ಬಂದದ್ದು 2024ರಲ್ಲಿ, ಇಪ್ಪತ್ತು ಪ್ರತಿ. ಅಂಕಲ್ ಓದಿ ಎರಡು ತಪ್ಪು ಹೇಳಿದರು, ತಿದ್ದುಪಡಿ ಚೀಟಿ ಅಂಟಿಸಿದೆ. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಟಿವಿಯಲ್ಲಿ ಸುದ್ದಿ ಬಂತು: ಬಿಎಲ್-534ರಲ್ಲಿದ್ದ ಇನ್ನೂ ನಾಲ್ವರ ದೇಹ ಹಿಮದಲ್ಲಿ ಸಿಕ್ಕಿವೆ. 56 ವರ್ಷದ ಮೇಲೆ. ಟ್ರಂಕ್ ಇಳಿಸಿ ಆ ಪುಟ ತೆಗೆದೆ. 2003ರ ಕೆಳಗೆ ಬರೆಯೋಣ ಅಂತ ಪೆನ್ಸಿಲ್ ಹಿಡಿದೆ, ಕೈ ಬರಲಿಲ್ಲ. ಅದು ಅವರ ಪುಸ್ತಕ. ಒಂದು ಚೀಟಿಯಲ್ಲಿ "2024, ನಾಲ್ವರು" ಅಂತ ಬರೆದು ಪುಟದ ನಡುವೆ ಇಟ್ಟೆ.

ಅಮ್ಮ ಚೀಟಿ ಎತ್ತಿಕೊಂಡು ಓದಿದರು. "ಇನ್ನೂ ಎಷ್ಟು ಜನ ಅಲ್ಲೇ ಇದಾರೆ?" ಅಂದರು.